ಪೆಟ್ರೋಲ್ ಹಗೇವಿನಿಂದ ಬಂದ ಉತ್ತರ

ದೆವ್ವದ ಕಥೆ ಹೇಳುವವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಮೆರಿಕದಲ್ಲಿ, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಕನ್ನಡದ ಮನೆಗಳಲ್ಲಿ ಶನಿವಾರದ ಊಟ ಮುಗಿದು, ಉಳಿದ ಪಲ್ಯ, ಸಾರುಗಳನ್ನು ಡಬ್ಬಿಗೆ ತುಂಬುವ ಹೊತ್ತಿಗೆ ಯಾರಾದರೊಬ್ಬರು ಸ್ವರ ತಗ್ಗಿಸಿ ಇಂಥ ಮಾತು ತೆಗೆಯುತ್ತಾರೆ. ಸತ್ತ ಮಾವ ಬಂದು ಬಾಗಿಲು ತಟ್ಟಿದ್ದು, ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಹೆಸರು ಹಿಡಿದು ಕರೆದದ್ದು. ನಾನು ನಡುವೆ ಬಾಯಿ ಹಾಕಿ, ಆಗ ಗಂಟೆ ಎಷ್ಟಾಗಿತ್ತು, ಬೆಳಕು ಎಷ್ಟಿತ್ತು, ಅದಕ್ಕೆ ಮುಂಚೆ ಏನು ಕುಡಿದಿದ್ದಿರಿ ಎಂದು ಕೇಳಿ ಕಥೆಯ ಸೊಂಟ ಮುರಿಯುತ್ತಿದ್ದೆ. ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ಬೈಯುತ್ತಿದ್ದಳು. ಆದರೂ ಹುಟ್ಟುಗುಣ ಬಿಡಲಿಲ್ಲ.

ನಾನು ಮೈಸೂರಿನವನು, ಮೆಕ್ಯಾನಿಕಲ್ ಇಂಜಿನಿಯರ್. ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷ ಪೆಟ್ರೋಲ್ ಟ್ಯಾಂಕುಗಳ ತಪಾಸಣೆ ಮಾಡಿ ಹೊಟ್ಟೆ ಹೊರೆದವನು. ಉಕ್ಕಿನ ತಗಡು ಎಷ್ಟು ಸವೆದಿದೆ ಎಂದು ಅಳೆದು ಬರೆಯುವುದೇ ಉದ್ಯೋಗ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅಕ್ಷರಶಃ ನಂಬಿ ಬದುಕಿದವನು. ಅಳತೆಗೆ ಸಿಗದ ಯಾವುದನ್ನೂ ನಾನು ಒಪ್ಪುತ್ತಿರಲಿಲ್ಲ. ಈಗ ಹೇಳಹೊರಟಿರುವ ಸಂಗತಿ ಅಳತೆಗೆ ಸಿಕ್ಕಿದೆ, ಅದೇ ನನ್ನ ಕಷ್ಟ. ಗಂಟೆ, ನಿಮಿಷದ ಸಮೇತ ನನ್ನದೇ ಕೈಬರಹದಲ್ಲಿದೆ. ನೀವು ನಂಬಲೇಬೇಕೆಂಬ ಹಟವೇನೂ ಇಲ್ಲ. ಓದುವವರ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಐದು ವರ್ಷದ ಹಿಂದಿನ ಮಾತು. ನನ್ನ ಗೆಳೆಯ ಬಸವರಾಜ ಹುಬ್ಬಳ್ಳಿಯವನು. ಹ್ಯೂಸ್ಟನ್ನಿನಲ್ಲಿ ಅವನದೇ ಒಂದು ಸಣ್ಣ ಕಂಪನಿ ಇತ್ತು, ಹಳೆಯ ಟ್ಯಾಂಕುಗಳ ತಪಾಸಣೆ ಅದರ ಕೆಲಸ. ನನಗಿಂತ ಹತ್ತು ವರ್ಷ ಚಿಕ್ಕವನು. ನನ್ನ ಕೈಕೆಳಗೇ ಕೆಲಸ ಕಲಿತು, ಆಮೇಲೆ ನನ್ನನ್ನು ಮೀರಿಸಿದವನು. ನಾನು ರಿಟೈರ್ ಆದ ಮೇಲೂ, "ರಾಯರ, ಮನ್ಯಾಗ ಕುಂತು ಏನ್ ಮಾಡ್ತೀರಿ, ಬರ್ರಿ" ಎಂದು ಎಲ್ಲಿಗಾದರೂ ಹೊರಡಿಸುತ್ತಿದ್ದ. ಅವನ ಪಕ್ಕದಲ್ಲಿ ಕೂತರೆ ದಾರಿ ಸವೆದದ್ದೇ ಗೊತ್ತಾಗುತ್ತಿರಲಿಲ್ಲ. ಅವನಲ್ಲಿದ್ದ ದೋಷ ಒಂದೇ, ಆತುರ. ಆತುರಗಾರನಿಗೆ ಬುದ್ಧಿ ಮಟ್ಟ ಕಣಯ್ಯ ಎಂದು ರೇಗಿಸಿದರೆ, "ಬುದ್ಧಿವಂತರೆಲ್ಲಾ ರಿಟೈರ್ ಆಗ್ಯಾರ್ರಿ, ಕೆಲಸಾ ನಮಗ ಬಿಟ್ಟಾರ" ಎನ್ನುತ್ತಿದ್ದ.

ಆ ಸಲ ಅವನಿಗೆ ಒಂದು ಅಪರೂಪದ ಕೆಲಸ ಸಿಕ್ಕಿತ್ತು. ಹ್ಯೂಸ್ಟನ್ನಿನಿಂದ ಆಸ್ಟಿನ್ನಿಗೆ ಹೋಗುವ ದಾರಿ ಬಿಟ್ಟು ಒಳಗೆ ತಿರುಗಿದರೆ ಒಂದು ಸಣ್ಣ ಊರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ರನ್‌ವೇ ಬಿರಿದು ಹುಲ್ಲು ಬೆಳೆದು, ಈಗ ಹಸು ಮೇಯುವ ಜಾಗವಾಗಿದೆ. ಆ ಹುಲ್ಲಿನ ಅಡಿಯಲ್ಲಿ ವಿಮಾನಗಳ ಪೆಟ್ರೋಲ್ ತುಂಬಿಡಲು ಕಟ್ಟಿದ ನೆಲಮಾಳಿಗೆ ಹಾಗೆಯೇ ಉಳಿದಿತ್ತು. ಕಾಂಕ್ರೀಟಿನ ನಾಲ್ಕು ಕೋಣೆಗಳು, ಸಾಲಾಗಿ ಒಂದರ ಹಿಂದೆ ಒಂದು, ಒಳಗೋಡೆಗೆಲ್ಲ ಉಕ್ಕಿನ ತಗಡು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಸೊಂಟದೆತ್ತರದ ಕಿಂಡಿ. ಮೇಲಿನಿಂದ ಇಳಿಯಲು ಒಂದೇ ಬಾಯಿ, ಅದಕ್ಕೆ ಕಬ್ಬಿಣದ ಏಣಿ. ಯುದ್ಧ ಮುಗಿದ ಮೇಲೆ ಪೆಟ್ರೋಲ್ ಖಾಲಿ ಮಾಡಿ, ತೊಳೆದು, ಮುಚ್ಚಳ ಹಾಕಿ ಎಲ್ಲರೂ ಮರೆತಿದ್ದರು. ಊರಿನ ಇತಿಹಾಸದ ಸಮಿತಿಯವರಿಗೆ ಈಗ ಅದನ್ನು ಜನರಿಗೆ ತೋರಿಸುವ ಸ್ಮಾರಕ ಮಾಡಬೇಕೆಂದು ಆಸೆ. ಒಳಗಿನ ತಗಡು, ಗೋಡೆ ಎಷ್ಟು ಗಟ್ಟಿ ಇದೆ ಎಂದು ನೋಡಿ ವರದಿ ಕೊಡುವುದು ಬಸವರಾಜನ ಕೆಲಸ.

ಮೊದಲ ಸಲ ಆ ಮುಚ್ಚಳ ಎತ್ತಿದ ಶುಕ್ರವಾರ ಅವನು ಒಬ್ಬನೇ ಹೋಗಿದ್ದ. ಅಲ್ಲಿಂದಲೇ ನನಗೆ ಫೋನ್ ಮಾಡಿ, "ರಾಯರ, ನಮ್ಮ ಮುತ್ಯಾನ ಹಗೇವು ನೆನಪಾತ್ ನೋಡ್ರಿ. ಜ್ವಾಳದ ಬದಲಿ ಪೆಟ್ರೋಲ್ ತುಂಬ್ಯಾರ, ಅಷ್ಟ" ಎಂದ. ಮುತ್ಯಾ ಎಂದರೆ ಅವನ ಅಜ್ಜ. ಧಾರವಾಡದ ಕಡೆ ಮನೆಯ ಮುಂದೆ ನೆಲ ಅಗೆದು ಜೋಳ ತುಂಬಿಡುತ್ತಿದ್ದ ಹಗೇವನ್ನು ಅವನು ಚಿಕ್ಕಂದಿನಲ್ಲಿ ನೋಡಿದ್ದ. ಅದರ ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು. ಒಂದು ದಿನ ಹಾಗೆಯೇ ಬಿಟ್ಟು, ಕೆಟ್ಟ ಗಾಳಿ ಹೋದ ಮೇಲೆ ಕಂದೀಲು ಇಳಿಸಿ ನೋಡಬೇಕು. ದೀಪ ಆರದಿದ್ದರೆ ಇಳಿಯಬಹುದು. ನಾನು ಇದನ್ನು ಅವನ ಬಾಯಿಂದ ಹತ್ತು ಸಲ ಕೇಳಿದ್ದೆ, ಪ್ರತಿ ಸಲವೂ ನಮ್ಮ ಹಿರಿಯರ ಜಾಣತನ ಎಂದು ಮೆಚ್ಚಿದ್ದೆ.

ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಇಂಥ ಜಾಗಕ್ಕೆ ಒಬ್ಬ ಇಳಿದರೆ ಬಾಯಿಯ ಹತ್ತಿರ ಒಬ್ಬ ಕಾವಲು ಕೂರಲೇಬೇಕು. ಅವನ ಕಂಪನಿಯ ಕಾವಲಿನವನಿಗೆ ಹಿಂದಿನ ರಾತ್ರಿ ಜ್ವರ ಬಂದಿತ್ತು. ಸೋಮವಾರ ಸಮಿತಿಯವರ ಸಭೆ. ಮುಂದಕ್ಕೆ ಹಾಕು ಎಂದು ನಾನು ಹೇಳಬಹುದಿತ್ತು. "ನೀವು ಹಗ್ಗಾ ಹಿಡಕೊಂಡ್ ಕೂಡ್ರಿ ಸಾಕು, ನಿಮಗಿಂತಾ ಗೊತ್ತಿದ್ದವ್ರು ಯಾರದಾರ" ಎಂದ. ಆ ಮಾತಿಗೆ ಉಬ್ಬಿಹೋದೆ. ನನ್ನ ಸರ್ಟಿಫಿಕೇಟಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ಆದರೂ ಕಾವಲುಗಾರ ಎಂಬ ಜಾಗದಲ್ಲಿ ಸಹಿ ಹಾಕಿದೆ.

ಗೇಟಿನ ಬೀಗ ತೆಗೆಯಲು ಅಲ್ಲಿನ ಒಬ್ಬ ಅಜ್ಜ ಬಂದಿದ್ದರು, ಸಮಿತಿಯ ಸದಸ್ಯರು. ಬೀಗ ತೆಗೆದು, ಕೆಂಪಿರುವೆ ಇದೆ, ನೋಡಿಕೊಂಡು ಕೂರಿ ಎಂದು ಹೇಳಿ ಹೊರಟುಹೋದರು. ಬಯಲಿನಲ್ಲಿ ನಾವಿಬ್ಬರೇ. ಬಿಸಿಲು ಚುರುಕಾಗಿತ್ತು. ಮುಚ್ಚಳ ಹಿಂದಿನ ದಿನದಿಂದ ತೆರೆದೇ ಇತ್ತು. ಗಾಳಿ ಅಳೆಯುವ ಮೀಟರನ್ನು ಹಗ್ಗ ಕಟ್ಟಿ ತಳದವರೆಗೂ ಇಳಿಸಿದೆವು, ಎಲ್ಲ ಸರಿಯಾಗಿತ್ತು. ಅದೇ ನಮ್ಮ ಕಂದೀಲು. ಆದರೆ ಹಗೇವಿಗೆ ಇರುವುದು ಒಂದೇ ಹೊಟ್ಟೆ, ಇಲ್ಲಿ ನಾಲ್ಕು ಕೋಣೆಗಳಿದ್ದವು. ನಾವು ನೋಡಿದ್ದು ಮೊದಲನೆಯದರ ಗಾಳಿಯನ್ನು ಮಾತ್ರ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನನಗೆ ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು, ಕೇಳಿದೆ. "ಫ್ಯಾನ್ ಹಚ್ಚೇವಲ್ರಿ, ಮೀಟರ್ ನನ್ನ ಎದೀ ಮ್ಯಾಲ ಇರ್ತೈತಿ, ಕೂಗಿದ್ರ ಹೊರಗ ಬರ್ತೀನಿ" ಎಂದ. ನಾನು ಒಪ್ಪಿ ಹಗ್ಗದ ಸುರುಳಿ ಬಿಚ್ಚಿದೆ.

ಆ ಕಾಂಕ್ರೀಟಿನ ಒಳಗೆ ಫೋನಾಗಲಿ ವಾಕಿಟಾಕಿಯಾಗಲಿ ನಡೆಯುವುದಿಲ್ಲ. ಗಾಳಿ ತುಂಬುವ ಫ್ಯಾನಿನ ಗದ್ದಲದಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಹಗ್ಗ. ಇಳಿದವನ ಬೆನ್ನಿನ ಪಟ್ಟಿಗೆ ಹಗ್ಗದ ಒಂದು ತುದಿ ಕೊಕ್ಕೆಯಿಂದ ಸಿಕ್ಕಿಸಿರುತ್ತದೆ, ಇನ್ನೊಂದು ತುದಿ ನನ್ನ ಕೈಯಲ್ಲಿ. ಮೂರು ನಿಮಿಷಕ್ಕೊಮ್ಮೆ ನಾನು ಒಂದು ಸಲ ಎಳೆಯಬೇಕು, ಚೆನ್ನಾಗಿದ್ದೀಯಾ ಎಂದು ಕೇಳಿದ ಹಾಗೆ. ಅವನು ಒಂದು ಸಲ ಎಳೆದರೆ ಚೆನ್ನಾಗಿದ್ದೇನೆ ಎಂದು ಅರ್ಥ. ನಾನು ಮೂರು ಸಲ ಎಳೆದರೆ ಹೊರಗೆ ಬಾ ಎಂದು. ಪ್ರತಿ ಉತ್ತರವನ್ನೂ ಗಂಟೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಇಳಿಯುವ ಮುನ್ನ ನನ್ನ ಮುಖ ನೋಡಿ ನಕ್ಕ. "ರಾಯರ, ಸುಮ್ ಸುಮ್ನ ಜಗ್ಗಬ್ಯಾಡ್ರಿ. ಅದು ಎತ್ತಿನ ಮೂಗುದಾಣ ಅಲ್ಲ." ಅವನು ನನಗೆ ಹೇಳಿದ ಕೊನೆಯ ಮಾತು ಅದು. ಗಂಟೆ ಹತ್ತು ನಲವತ್ತು.

ಹತ್ತು ನಲವತ್ತಮೂರಕ್ಕೆ ಎಳೆದೆ, ಉತ್ತರ ಬಂತು. ನಲವತ್ತಾರು, ನಲವತ್ತೊಂಬತ್ತು, ಐವತ್ತೆರಡು, ಐವತ್ತೈದು. ಐದೂ ಸಲ ಬಸವರಾಜನ ಕೈ. ಹಳೆಯ ಬಸ್ಸಿನಲ್ಲಿ ಕಂಡಕ್ಟರ್ ಬೆಲ್ಲಿನ ಹಗ್ಗ ಎಳೆಯುತ್ತಿದ್ದನಲ್ಲ, ಹಾಗೆ ಚಟ್ಟನೆ ಎಳೆದು ಚಟ್ಟನೆ ಬಿಡುವುದು. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವರಿಗೆ ಇದು ಗೊತ್ತಾಗುತ್ತದೆ. ಫೋನ್ ಎತ್ತಿದವರ ಮೊದಲ ಉಸಿರಿಗೇ ಯಾರೆಂದು ಗೊತ್ತಾಗುವುದಿಲ್ಲವೆ, ಅಷ್ಟೆ ಸಹಜವಾಗಿ.

ಹತ್ತು ಐವತ್ತೆಂಟಕ್ಕೆ ಬಂದ ಉತ್ತರ ಬೇರೆ ಇತ್ತು.

ಅದು ನಿಧಾನವಾಗಿ ಬಂತು. ಬಾವಿಯಿಂದ ತುಂಬಿದ ಕೊಡ ಎಳೆಯುವವರು ಭಾರ ನೋಡಿಕೊಂಡು ಎಳೆಯುವ ಹಾಗೆ, ಒಂದು ಮೊಳ ಹಗ್ಗ ನನ್ನ ಕೈಯಿಂದ ಒಳಗೆ ಹೋಯಿತು. ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಅಷ್ಟೇ ನಿಧಾನವಾಗಿ ಸಡಿಲವಾಯಿತು. ಕೆಲಸ ಚೆನ್ನಾಗಿ ಗೊತ್ತಿರುವವರು, ಅವಸರವಿಲ್ಲದವರು ಎಳೆದ ಹಾಗಿತ್ತು. ಒಂದು ಎಳೆತ ಎಂದರೆ ಒಂದೇ ಎಳೆತ. ನಾನು ನೋಟ್‌ಬುಕ್ಕಿನಲ್ಲಿ ಹತ್ತು ಐವತ್ತೆಂಟು, ಸರಿ ಎಂದು ಬರೆದೆ.

ಕೈ ಬದಲಾದದ್ದು ನನಗೆ ಗೊತ್ತಾಯಿತೇ? ಗೊತ್ತಾಯಿತು. ಇದನ್ನು ನಾನು ತನಿಖೆಯವರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಮೂರು ಸಲ ಎಳೆದು ಹೊರಗೆ ಕರೆಯೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಕರೆದರೆ ಬಸವರಾಜ ಏಣಿ ಹತ್ತಿ ಬಂದು, ಬೆವರು ಒರೆಸಿಕೊಂಡು, ಮೂಗುದಾಣದ ಮಾತನ್ನು ಇನ್ನೊಮ್ಮೆ ಎತ್ತುತ್ತಾನೆ. ಮುಂದಿನ ಶನಿವಾರ ಎಲ್ಲರ ಮುಂದೆ ರಾಯರು ಹೆದರಿದ ಕಥೆ ಹೇಳಿ ನಗಿಸುತ್ತಾನೆ. ನಾಚಿಕೆಯಾಯಿತು. ಅವನಿಗೆ ಸುಸ್ತಾಗಿರಬೇಕು, ಬಗ್ಗಿ ಕೂತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉತ್ತರವಂತೂ ಬಂದಿತ್ತಲ್ಲ.

ಹನ್ನೊಂದು ಒಂದಕ್ಕೂ ಅದೇ ಕೈ. ಹನ್ನೊಂದು ಎರಡಕ್ಕೆ ಹೆಂಡತಿ ಫೋನ್ ಮಾಡಿದಳು. ಮೊಸರನ್ನದ ಡಬ್ಬಿಯಲ್ಲಿ ಉಪ್ಪಿನಕಾಯಿ ಇಡಲು ಮರೆತೆ ಎನ್ನುವುದಕ್ಕೆ ಫೋನು. ಮಾತಿನ ನಡುವೆ ನಾನು, "ಒಂದ್ನಿಮಿಷ ತಾಳು, ಹಗ್ಗ ಎಳೀಬೇಕು" ಎಂದದ್ದು ಅವಳಿಗೆ ನೆನಪಿದೆ. "ಆಯ್ತು, ಚೆನ್ನಾಗಿದಾನೆ" ಎಂದೂ ಹೇಳಿದೆನಂತೆ. ಆಗ ಹನ್ನೊಂದು ನಾಲ್ಕು.

ಹನ್ನೊಂದು ಏಳಕ್ಕೂ ಉತ್ತರ ಬಂತು. ಹನ್ನೊಂದು ಹತ್ತಕ್ಕೆ ನಾನು ಗಡಿಯಾರ ನೋಡಿ ಎಳೆಯಲು ಹೊರಟೆ. ನಾನು ಎಳೆಯುವ ಮೊದಲೇ ಹಗ್ಗ ನನ್ನ ಕೈಯಿಂದ ಒಂದು ಮೊಳ ಒಳಗೆ ಹೋಯಿತು, ನಿಂತಿತು, ಸಡಿಲವಾಯಿತು. ನಾನು ಎಳೆದು ಉತ್ತರ ಕೊಟ್ಟೆ. ಹದಿಮೂರಕ್ಕೂ ಹಾಗೆಯೇ, ಹದಿನಾರಕ್ಕೂ, ಹತ್ತೊಂಬತ್ತಕ್ಕೂ. ಮೂರು ನಿಮಿಷ ಎಂದರೆ ಮೂರೇ ನಿಮಿಷ, ನನ್ನ ಗಡಿಯಾರದ ಮುಳ್ಳು ನೋಡಿಕೊಂಡೇ ಎಳೆದಂತೆ. ಆ ಬಿಸಿಲಿನಲ್ಲಿ ಕೂತು ನನಗೆ ನಿಧಾನವಾಗಿ ಅರ್ಥವಾಯಿತು. ಈಗ ಕೇಳುತ್ತಿರುವುದು ಅದು, ಚೆನ್ನಾಗಿದ್ದೇನೆ ಎಂದು ಹೇಳುತ್ತಿರುವವನು ನಾನು. ಬೆನ್ನಿನ ಮೇಲೆ ಇರುವೆ ಹರಿದ ಹಾಗಾಯಿತು. ಇರುವೆ ಏನೂ ಇರಲಿಲ್ಲ.

ಒಳಗಿರಲು ಮೊದಲೇ ಒಪ್ಪಿಕೊಂಡಿದ್ದ ನಲವತ್ತು ನಿಮಿಷ ಹನ್ನೊಂದು ಇಪ್ಪತ್ತಕ್ಕೆ ಮುಗಿಯಿತು. ಮೂರು ಸಲ ಎಳೆದೆ. ಹೊರಗೆ ಬಾ. ಉತ್ತರವಾಗಿ ಒಂದು ಎಳೆತ ಬಂತು. ಏಣಿಯ ಬುಡ ಖಾಲಿಯಾಗಿಯೇ ಇತ್ತು. ಮತ್ತೆ ಮೂರು ಸಲ ಎಳೆದೆ. ಮತ್ತೆ ಒಂದೇ ಎಳೆತ, ಚೆನ್ನಾಗಿದ್ದೇನೆ. ಆಗ ಎದ್ದುಹೋಗಿ ಫ್ಯಾನ್ ಆರಿಸಿದೆ. ಗದ್ದಲ ನಿಂತಿತು. ಕೆಳಗಿನಿಂದ, ಬಹಳ ಒಳಗಿನಿಂದ, ಮೀಟರಿನ ಕೂಗು ಕೇಳಿಸಿತು. ಕೀಂ, ಕೀಂ, ಕೀಂ. ಅದನ್ನು ಕಟ್ಟಿಕೊಂಡವನು ಅಲುಗಾಡದೆ ಬಿದ್ದಿದ್ದರೆ ಮಾತ್ರ ಬರುವ ಕೂಗು ಅದು. ಎಷ್ಟೋ ಜನರಿಗೆ ನಾನೇ ಅದನ್ನು ಕಲಿಸಿದ್ದೇನೆ.

ತುರ್ತು ಸಹಾಯಕ್ಕೆ ಫೋನ್ ಮಾಡಿದೆ. ನಂತರದ ಇಪ್ಪತ್ತು ನಿಮಿಷ ನಾನು ಇಳಿಯಲಿಲ್ಲ. ಬಿದ್ದವನನ್ನು ಎತ್ತಲು ಹೋದವನು ಎರಡನೇ ಹೆಣವಾಗುತ್ತಾನೆ, ಅದಕ್ಕೇ ಕಾವಲುಗಾರ ಏನೇ ಆದರೂ ಇಳಿಯಬಾರದು. ಇದು ನಿಯಮ. ನಿಯಮ ಪಾಲಿಸಿದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಇಳಿಯಲು ಹೆದರಿದೆ. ಹಗ್ಗ ಜಗ್ಗಿ ಅವನನ್ನು ಎಳೆದುಕೊಳ್ಳಲು ನೋಡಿದೆ, ಅದು ಎಲ್ಲೋ ಬಂಡೆಗೆ ಕಟ್ಟಿದ ಹಾಗೆ ಬಿಗಿಯಾಯಿತೇ ಹೊರತು ಬರಲಿಲ್ಲ. ಕೈ ಸಡಿಲಿಸಿ ಅಲ್ಲೇ ಕುಕ್ಕರಿಸಿದೆ. ಒಳಗಿನಿಂದ ಮೀಟರ್ ಕೂಗುತ್ತಲೇ ಇತ್ತು. ಆ ಕೂಗಿನ ನಡುವೆ, ಮೂರು ನಿಮಿಷಕ್ಕೊಮ್ಮೆ, ಹಗ್ಗ ನಿಧಾನವಾಗಿ ಒಳಗೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಸಡಿಲವಾಗುತ್ತಿತ್ತು. ನಾನು ಪ್ರತಿ ಸಲವೂ ಎಳೆದು ಉತ್ತರ ಕೊಟ್ಟೆ. ಕೊಡದಿದ್ದರೆ ಏನಾಗಬಹುದು ಎಂಬ ಭಯ ಹಿಡಿದಿತ್ತು. ಆ ಎಳೆತಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ.

ಫೈರ್ ಸ್ಟೇಷನ್ನಿನಿಂದ ನಾಲ್ವರು ಬಂದರು. ಅವರಲ್ಲಿ ನಡುವಯಸ್ಸಿನ ಒಬ್ಬ ನನ್ನ ಕೈಯಿಂದ ಹಗ್ಗ ತೆಗೆದುಕೊಂಡ. ಅರೆ ನಿಮಿಷ ಕಳೆದಿರಬಹುದು, ಅವನ ಮುಖ ಅರಳಿತು. ಎಳೆಯುತ್ತಿದ್ದಾನೆ, ಜೀವ ಇದೆ ಎಂದು ಜೊತೆಯವರಿಗೆ ಕೂಗಿ ಹೇಳಿದ. ಮುಖಕ್ಕೆ ಗಾಳಿಯ ಮಾಸ್ಕ್ ಹಾಕಿಕೊಂಡು ಇಬ್ಬರು ದಡದಡನೆ ಇಳಿದರು. ಹತ್ತು ನಿಮಿಷಕ್ಕೆ ಬಸವರಾಜನನ್ನು ಮೇಲೆ ತಂದರು. ಆಗ ನನ್ನನ್ನೂ ಸೇರಿಸಿ ಯಾರಿಗೂ ಡಾಕ್ಟರು ಬಂದು ಹೇಳಬೇಕಾದ್ದೇನೂ ಉಳಿದಿರಲಿಲ್ಲ.

ಇಳಿದವರ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾ ಇತ್ತು, ಆದ್ದರಿಂದ ಇಲ್ಲಿ ಯಾರ ಮಾತನ್ನೂ ನಂಬಬೇಕಾಗಿಲ್ಲ. ಹಗ್ಗದ ತುದಿಯ ಕೊಕ್ಕೆ ಎರಡನೇ ಕೋಣೆಯ ಕಿಂಡಿಯ ಪಕ್ಕದಲ್ಲಿ ಗೋಡೆಗೆ ಹೂತ ಕಬ್ಬಿಣದ ಬಳೆಗೆ ಸಿಕ್ಕಿಸಿತ್ತು. ಬಸವರಾಜ ಬಿದ್ದಿದ್ದು ಮೂರನೇ ಕೋಣೆಯಲ್ಲಿ, ಅಲ್ಲಿಂದ ಹದಿನೈದು ಹೆಜ್ಜೆ ಆಚೆ. ಆದದ್ದು ಇಷ್ಟು: ಹಗ್ಗ ಸಾಲಲಿಲ್ಲ. ಐದನೇ ಉತ್ತರ ಕೊಟ್ಟ ಮೇಲೆ, ರಾಯರು ಮತ್ತೆ ಎಳೆಯುವುದರೊಳಗೆ ಒಂದು ಅಳತೆ ತೆಗೆದುಕೊಂಡು ಬಂದುಬಿಡೋಣ ಎಂದು ಕೊಕ್ಕೆ ಬಿಚ್ಚಿ ಬಳೆಗೆ ಹಾಕಿ ಒಳಗೆ ಹೋಗಿದ್ದಾನೆ. ಮುಚ್ಚಿಟ್ಟ ಉಕ್ಕು ತುಕ್ಕು ಹಿಡಿಯುತ್ತಾ ಒಳಗಿನ ಗಾಳಿಯ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಎರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಅವನ ಎದೆಯ ಮೇಲಿದ್ದ ಮೀಟರ್ ಎಲ್ಲವನ್ನೂ ತನ್ನೊಳಗೆ ದಾಖಲಿಸಿಕೊಂಡಿತ್ತು. ಹತ್ತು ಐವತ್ತಾರಕ್ಕೆ ಆಮ್ಲಜನಕ ಇಲ್ಲವೆಂಬಷ್ಟು ಇಳಿದಿದೆ. ಆಮೇಲೆ ಅವನು ಅಲುಗಾಡಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಹತ್ತು ಐವತ್ತಾರರ ನಂತರ ಎಂಟು ಸಲ ಸರಿ ಎಂದು ಬರೆದಿದೆ.

ತನಿಖೆಯವರು ಒರಟಾಗಿ ಮಾತಾಡಲಿಲ್ಲ. ನೀರು ಕೊಟ್ಟರು. ಹೆಂಡತಿಯ ಫೋನ್ ಬಂದದ್ದು, ನಾಲ್ಕು ನಿಮಿಷ ಮಾತಾಡಿದ್ದು, ಎಲ್ಲದರ ದಾಖಲೆ ಅವರ ಬಳಿ ಇತ್ತು. ಇಂಥ ಕೆಲಸಗಳಲ್ಲಿ ಕಾವಲುಗಾರರು ಬೇಸರವಾಗಿ, ಹಗ್ಗ ಎಳೆಯದೆಯೇ ಉತ್ತರಗಳನ್ನು ಮೊದಲೇ ತುಂಬಿಡುವುದು ಉಂಟು, ನಾನೂ ಎಷ್ಟೋ ಜನರನ್ನು ಅದಕ್ಕಾಗಿ ಬೈದಿದ್ದೇನೆ. ನಾನೂ ಹಾಗೆ ಮಾಡಿದೆ ಎಂದು ಅವರು ತೀರ್ಮಾನಿಸಿದರು. ಫ್ಯಾನಿನ ಗಾಳಿಕೊಳವೆ ಉಬ್ಬಿ ಹಗ್ಗ ಅಲುಗಿರಬಹುದು ಎಂದು ಒಬ್ಬರು ನನ್ನ ಮೇಲೆ ಕರುಣೆ ತೋರಿಸಿದರು. ಫ್ಯಾನ್ ಆರಿಸಿದ ಮೇಲೂ ಎಳೆತ ಬಂತಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಕಾವಲುಗಾರನ ದಾಖಲೆ ನಂಬಲು ಯೋಗ್ಯವಲ್ಲ ಎಂದು ವರದಿಯಲ್ಲಿ ಬರೆದರು. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಹಗ್ಗ ಹಿಡಿದ ಆ ಫೈರ್‌ನವನನ್ನು ಹುಡುಕಿ ಫೋನ್ ಮಾಡಿದೆ. ನನಗೇನೂ ನೆನಪಿಲ್ಲ, ದಯವಿಟ್ಟು ಮತ್ತೆ ಫೋನ್ ಮಾಡಬೇಡಿ ಎಂದ. ನೆನಪಿಲ್ಲದವರು ಹಾಗೆ ಬೇಡಿಕೊಳ್ಳುವುದಿಲ್ಲ.

ಬೀಗ ತೆಗೆದ ಅಜ್ಜನನ್ನೂ ಹೋಗಿ ಕಂಡೆ. ಆ ಜಾಗದಲ್ಲಿ ಹಿಂದೆ ಏನಾದರೂ ಆಗಿತ್ತೇ ಎಂದು ಕೇಳುವಾಗ ನನಗೇ ನಗು ಬರುವಂತಿತ್ತು, ಇಂಥ ಪ್ರಶ್ನೆ ಕೇಳುವವರನ್ನು ಜೀವನವಿಡೀ ಹಾಸ್ಯ ಮಾಡಿದವನು ನಾನು. ಅವರು ಯೋಚಿಸಿ ಹೇಳಿದರು: ಯುದ್ಧದ ಕಾಲದಲ್ಲಿ ಸೈನಿಕರು ಒಳಗಿಳಿದು ಕೆಸರು ತೆಗೆಯುತ್ತಿದ್ದರಂತೆ, ಮೇಲೊಬ್ಬ ಹಗ್ಗ ಹಿಡಿದು ಕೂರುತ್ತಿದ್ದನಂತೆ. ಯಾರಾದರೂ ಸತ್ತದ್ದು ಅವರು ಕೇಳಿಲ್ಲ. ಸಮಿತಿಯ ಕಾಗದಪತ್ರಗಳನ್ನೆಲ್ಲ ಎರಡು ದಿನ ಕೂತು ನೋಡಿದೆ. ಪೆಟ್ರೋಲ್ ಬಂದದ್ದು, ಹೋದದ್ದು, ಪಂಪು ಕೆಟ್ಟದ್ದು, ಅಷ್ಟೆ. ಒಂದು ಸಾವೂ ಇಲ್ಲ. ಇದ್ದಿದ್ದರೆ ಕಥೆಗೆ ಅನುಕೂಲವಾಗುತ್ತಿತ್ತು. ಸಮಿತಿಯವರು ಆಮೇಲೆ ಸ್ಮಾರಕದ ಆಸೆ ಬಿಟ್ಟು ಆ ನಾಲ್ಕು ಕೋಣೆಗಳಿಗೂ ಮರಳು ತುಂಬಿಸಿ ಬಾಯಿ ಮುಚ್ಚಿದರು.

ಬಸವರಾಜನ ಹೆಂಡತಿ ಶಶಿಕಲಾ ಹ್ಯೂಸ್ಟನ್ನಿನ ಮನೆ ಖಾಲಿ ಮಾಡಿ ಮಗಳ ಮನೆಗೆ ಹೋದರು. ಮಗಳು ಸ್ಫೂರ್ತಿ ಡಾಕ್ಟರು, ಕೆಲಸ ಡ್ಯಾಲಸ್ಸಿನಲ್ಲಿ, ಮನೆ ಪಕ್ಕದ ಮರ್ಫಿಯಲ್ಲಿ. ತಂದೆಯ ಕಾರ್ಯ ಮುಗಿದ ದಿನವೇ ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ಜಸ್ಟ್ ಸೇ ಯು ಮೇಡ್ ಇಟ್ ಅಪ್" ಎಂದಿದ್ದಳು. ಸುಮ್ಮನೆ ತುಂಬಿಟ್ಟೆ ಎಂದು ಒಪ್ಪಿಕೊಳ್ಳಿ, ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಇದನ್ನು ಮುಗಿಸುತ್ತೇನೆ ಎಂದು ಅದರ ಅರ್ಥ. ನಾನು ಒಪ್ಪಿಕೊಳ್ಳಲಿಲ್ಲ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಅವಳಿಗೆ ನಾಲ್ಕು ವರ್ಷವಿದ್ದಾಗ ನಾನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು.

ಎಂಟು ತಿಂಗಳಾದ ಮೇಲೆ ಶಶಿಕಲಾ ಫೋನ್ ಮಾಡಿ ಬರಹೇಳಿದರು. ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಒಬ್ಬನೇ ಹೋದೆ. ಊಟಕ್ಕೆ ಬಡಿಸಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸ್ಫೂರ್ತಿ ಸೋಫಾದ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು, ತಲೆ ಎತ್ತಲಿಲ್ಲ.

"ಅಣ್ಣಾರ, ಒಂದ್ ಮಾತು ಕೇಳ್ತೀನಿ, ಖರೇ ಹೇಳ್ರಿ" ಎಂದರು ಶಶಿಕಲಾ. "ನೀವು ಬುಕ್ಕಿನ್ಯಾಗ ಬರದದ್ದು ಖರೇ ಏನ್ರಿ? ಹಗ್ಗಾ ಜಗ್ಗಿದ್ದು?"

"ಖರೇ ಅಮ್ಮಾ. ಪ್ರತಿ ಸಲವೂ ಕೈಯಲ್ಲಿ ಹಿಡಿದುಕೊಂಡೇ ಬರೆದೆ."

ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಹಂಗಾರ ಅಲ್ಲೆ ಅವರ ಕೂಡ ಯಾರೋ ಇದ್ರು. ಒಬ್ಬರ ಹೋಗಲಿಲ್ಲ ಅವರು. ನನಗ ಅಷ್ಟ ಸಾಕ್ರಿ" ಎಂದು ಎದ್ದು ಅಡುಗೆಮನೆಗೆ ಹೋದರು. ಆ ತಾಯಿಗೆ ಸಮಾಧಾನ ಕೊಟ್ಟ ಸಂಗತಿಯೇ ನನ್ನ ನಿದ್ದೆ ಕೆಡಿಸಿದ್ದು. ಆ ಉತ್ತರ ಬಾರದಿದ್ದರೆ ನಾನು ಹನ್ನೊಂದಕ್ಕೇ ಸಹಾಯಕ್ಕೆ ಕರೆಯುತ್ತಿದ್ದೆ, ಗಾಳಿಕೊಳವೆಯನ್ನು ಒಳಗೆ ದೂಡುತ್ತಿದ್ದೆ. ಆಗ ಉಳಿಯುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಉಳಿಯುವ ಒಂದು ದಾರಿಯಾದರೂ ಇರುತ್ತಿತ್ತು. ಅಲ್ಲಿ ಯಾರಾದರೂ ಇದ್ದದ್ದೇ ನಿಜವಾದರೆ, ಅವರು ಅವನಿಗೆ ಜೊತೆಯಾದರೋ, ನನ್ನನ್ನು ಕಟ್ಟಿ ಕೂರಿಸಿದರೋ. ಇದನ್ನು ಶಶಿಕಲಾಗೆ ಹೇಳುವ ಧೈರ್ಯ ನನಗಿರಲಿಲ್ಲ.

ನಾನು ಹೊರಡಲು ಎದ್ದಾಗ ಸ್ಫೂರ್ತಿ ಬಾಗಿಲವರೆಗೂ ಬಂದಳು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು.

"ಅಂಕಲ್, ಹಗ್ಗಾ ಎಳದಿದ್ದು ಅಪ್ಪಾ ಏನು?"

ಅವಳು ನನ್ನೊಡನೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಮೀಟರ್ ದಾಖಲಿಸಿದ್ದ ಹೊತ್ತಿನ ನಂತರ ಅವಳ ತಂದೆ ಹಗ್ಗ ಎಳೆಯುವುದು ಸಾಧ್ಯವಿಲ್ಲ ಎಂದು ಡಾಕ್ಟರಾದ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕೇಳಿದಳು.

"ಹೌದು ಪುಟ್ಟಿ" ಎಂದೆ. "ನಿಮ್ಮಪ್ಪನ ಕೈ ನನಗೆ ಗೊತ್ತಿಲ್ಲವಾ. ಅವನೇ."

ಎಂಟು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲಂತೆ, ಆಮೇಲೆ ಶಶಿಕಲಾ ಹೇಳಿದರು. ನನ್ನ ಭುಜಕ್ಕೆ ತಲೆ ಇಟ್ಟು ಬಹಳ ಹೊತ್ತು ಅತ್ತಳು. ಈಗ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ, ಬಿಪಿ ಮಾತ್ರೆ ತಗೊಂಡಿರಾ ಎಂದು ವಿಚಾರಿಸುತ್ತಾಳೆ.

ಎಂಟು ಸಲ ನಾನು ನಿಜ ಬರೆದೆ, ಅದನ್ನು ಸುಳ್ಳು ಎಂದರು. ಈ ಇಡೀ ವಿಷಯದಲ್ಲಿ ನಾನು ಬಾಯಿಬಿಟ್ಟು ಆಡಿದ ಸುಳ್ಳು ಒಂದೇ, ಅದನ್ನು ಆ ಮಗು ನಂಬಿದೆ. ಅದು ಬಸವರಾಜನ ಕೈ ಆಗಿರಲಿಲ್ಲ. ಯಾರದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.